ಯಾರೂ ಕೆಟ್ಟವರಲ್ಲದ ಒಂದು ಕೊಲೆ ಕೇಸು

ಈ ಮಳೆಗಾಲದಲ್ಲಿ ನಾವು ಒಂದು ಕೊಲೆ ಕೇಸು ಬಿಡಿಸಿದೆವು. ಠಾಣೆಗೆ ಹೋಗಿ ಅಲ್ಲ, ಫೋನಿನಲ್ಲಿ. ಸುದ್ದಿ ಕಳಿಸಿ, ಊಟ ಮುಗಿಸಿ, ರಾತ್ರಿ ಒಂದೊಂದು ಗಂಟೆ ಕೂತು ವಾರದೊಳಗೆ ಮುಗಿಸಿದೆವು. ಕೊಲೆಯಾದವನು ಒಂದು ಸರ್ಕಸ್ ಕಂಪನಿಯ ಯಜಮಾನ. ಸಿಕ್ಕಿಬಿದ್ದವನು ಜಾದೂಗಾರ. ಕೋರ್ಟಿಗೆ ಬಂದ ಸಾಕ್ಷಿಗಳಲ್ಲಿ ಒಬ್ಬ ಬಫೂನ್, ಒಬ್ಬ ಗೊಂಬೆ ಮಾತಾಡಿಸುವವನು, ಇನ್ನೊಬ್ಬ ಗಾಲಿಕುರ್ಚಿಯಲ್ಲಿ ಕೂತ ಕಸರತ್ತಿನವನು. ಆಟ ಮುಗಿದ ಮೇಲೆ ನಿದ್ದೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಹೇಳಲು ಈ ಬರಹ.

ಮೊದಲೇ ಒಂದು ಮಾತು. ಕೊಂದವರು ಯಾರು ಅನ್ನುವುದನ್ನು ಮುಂದೆ ಹೇಳಲೇಬೇಕಾಗುತ್ತದೆ. ಅದನ್ನು ಹೇಳದೆ ನಮ್ಮ ಮಾತು ಮುಗಿಯುವುದಿಲ್ಲ. ಆಡಿಯೇ ತಿಳಿಯಬೇಕು ಅನ್ನುವವರು ಇಲ್ಲಿಗೆ ನಿಲ್ಲಿಸಿ, ಆಡಿ ಮುಗಿಸಿ ಆಮೇಲೆ ಬನ್ನಿ.

ಓದುವ ಆಟ

ಆಟದ ಹೆಸರು 'ಫೀನಿಕ್ಸ್ ರೈಟ್: ಏಸ್ ಅಟಾರ್ನಿ – ಜಸ್ಟಿಸ್ ಫಾರ್ ಆಲ್'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2002ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಅನ್ನುವ ಅಂಗೈ ಯಂತ್ರಕ್ಕೆ ಇದನ್ನು ತಂದಿತ್ತು. ಕಥೆ ಬರೆದು ನಿರ್ದೇಶಿಸಿದವರು ಶು ತಕುಮಿ. ಈಗ ಇದರ ಹಿಂದಿನ ಮುಂದಿನ ಭಾಗಗಳನ್ನೂ ಸೇರಿಸಿ, ಮೂರು ಆಟ, ಹದಿನಾಲ್ಕು ಕೇಸುಗಳ ಒಂದೇ ಕಟ್ಟಾಗಿ ಫೋನಿಗೂ ಸಿಗುತ್ತದೆ. ದುಡ್ಡು ಕೊಟ್ಟು ತಗೋಬೇಕು. ನಾವು ಹೇಳುತ್ತಿರುವ ಸರ್ಕಸ್ ಕೇಸು ಎರಡನೇ ಆಟದ ಮೂರನೆಯದು. ಹೆಸರು 'ಟರ್ನ್‌ಅಬೌಟ್ ಬಿಗ್ ಟಾಪ್'.

ಇಂಥ ಆಟಕ್ಕೆ ವಿಷುಯಲ್ ನಾವೆಲ್ ಅನ್ನುತ್ತಾರೆ. ಬಂದೂಕು ಹಿಡಿದು ಓಡುವುದಿಲ್ಲ, ಕಾರು ಓಡಿಸುವುದಿಲ್ಲ. ಚಿತ್ರ ನಿಂತಿರುತ್ತದೆ, ಕೆಳಗೆ ಮಾತು ಬರುತ್ತದೆ. ಓದಬೇಕು, ಮುಟ್ಟಬೇಕು, ಮುಂದಿನ ಮಾತು ಓದಬೇಕು. ನಮ್ಮ ಹಿರಿಯರು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದರಲ್ಲ, ಆ ಚಟವೇ ಇದು. ವ್ಯತ್ಯಾಸ ಒಂದೇ. ಕಾದಂಬರಿಯಲ್ಲಿ ಪತ್ತೇದಾರ ತಾನೇ ಯೋಚಿಸುತ್ತಾನೆ. ಇಲ್ಲಿ ನೀವು ಯೋಚಿಸುವವರೆಗೆ ಕಥೆ ಮುಂದಕ್ಕೆ ಹೋಗುವುದೇ ಇಲ್ಲ.

ನೀವು ಇಲ್ಲಿ ಆರೋಪಿಯ ಪರ ವಕೀಲ ಫೀನಿಕ್ಸ್ ರೈಟ್. ಒಂದಷ್ಟು ಹೊತ್ತು ಜಾಗ ನೋಡಿ, ಜನರನ್ನು ಮಾತಾಡಿಸಿ ಸಾಕ್ಷ್ಯ ಕೂಡಿಸಬೇಕು. ಆಮೇಲೆ ಕೋರ್ಟು. ಸಾಕ್ಷಿಯ ಹೇಳಿಕೆ ಒಂದೊಂದೇ ಸಾಲಾಗಿ ಬರುತ್ತದೆ. ಅನುಮಾನ ಬಂದ ಸಾಲಿನಲ್ಲಿ ತಡೆದು ಕೆದಕಬಹುದು. ಸುಳ್ಳು ಅನ್ನಿಸಿದರೆ ಸಾಕ್ಷ್ಯ ತೋರಿಸಿ ಆಕ್ಷೇಪಣೆ ಎತ್ತಬಹುದು. ಸುಮ್ಮನೆ ಊಹೆಯ ಮೇಲೆ ತೋರಿಸಿದರೆ ಮೇಲಿನ ಪಟ್ಟಿ ಕರಗುತ್ತಾ ಹೋಗುತ್ತದೆ. ಪಟ್ಟಿ ಖಾಲಿಯಾದರೆ ನಿಮ್ಮ ಕಕ್ಷಿದಾರ ಅಪರಾಧಿ.

ಈ ಎರಡನೇ ಆಟದಲ್ಲಿ ಹೊಸದಾಗಿ ಬಂದ ಒಂದು ಉಪಾಯವಿದೆ. ಎದುರಿಗಿದ್ದವರು ಏನಾದರೂ ಮುಚ್ಚಿಟ್ಟರೆ ಅವರ ಮುಂದೆ ಸರಪಳಿ, ಬೀಗ ಕಾಣಿಸುತ್ತವೆ. ಸರಿಯಾದ ಸಾಕ್ಷ್ಯ ತೋರಿಸಿದರೆ ಬೀಗ ಒಂದೊಂದೇ ಒಡೆಯುತ್ತದೆ. ಸುದ್ದಿಗೆ ಹೋದಾಗ ನಮಗೂ ಇಂಥ ಬೀಗ ಕಣ್ಣಿಗೆ ಕಾಣುವಂತಿದ್ದರೆ ಎಷ್ಟು ಅನುಕೂಲವಿತ್ತು ಅಂತ ಅನಿಸಿದ್ದು ಸುಳ್ಳಲ್ಲ.

ಡೇರೆಯೊಳಗಿನ ಸಂಸಾರ

ಬೆರ್ರಿ ಬಿಗ್ ಸರ್ಕಸ್ ಅನ್ನುವುದು ಕಂಪನಿಯ ಹೆಸರು. ಯಜಮಾನ ರಸೆಲ್ ಬೆರ್ರಿ ಒಳ್ಳೆಯ ಮನುಷ್ಯ. ಅಪ್ಪ ಅಮ್ಮ ಬಿಟ್ಟುಹೋಗಿದ್ದ ಇಬ್ಬರು ಅಣ್ಣತಮ್ಮಂದಿರಿಗೆ ಅನ್ನ, ನೆಲೆ, ಕೆಲಸ ಕೊಟ್ಟವನು. ಅವರೇ ಏಕ್ರೋ ಮತ್ತು ಬ್ಯಾಟ್, ಕಂಪನಿಯ ಕಸರತ್ತಿನ ಜೋಡಿ. ಯಜಮಾನನಿಗೆ ಒಬ್ಬಳೇ ಮಗಳು, ರೆಜಿನಾ, ಹದಿನಾರು ವರ್ಷ. ಪ್ರಾಣಿ ಪಳಗಿಸುವವಳು. ಡೇರೆಯೊಳಗೇ ಬೆಳೆದ ಹುಡುಗಿ, ಹೊರಗಿನ ಲೋಕ ಗೊತ್ತಿಲ್ಲ. ಅವಳ ಮಟ್ಟಿಗೆ ಯಾರೂ ಸಾಯುವುದಿಲ್ಲ, ಎಲ್ಲರೂ ಆಕಾಶಕ್ಕೆ ಹೋಗಿ ಚುಕ್ಕಿ ಆಗುತ್ತಾರೆ. ಅಪ್ಪ ಅವಳಿಗೆ ಅದು ಹಾಗಲ್ಲ ಅಂತ ತಿಳಿಸಿ ಹೇಳಲೇ ಇಲ್ಲ.

ಜಾದೂಗಾರ ಮ್ಯಾಕ್ಸ್ ಗ್ಯಾಲಾಕ್ಟಿಕಾ ಕಂಪನಿಯ ತಾರೆ. ಥಳಥಳಿಸುವ ಬಟ್ಟೆ, ಎಲ್ಲರನ್ನೂ ಸ್ವೀಟಿ ಡಾರ್ಲಿಂಗ್ ಅನ್ನುವ ಬಾಯಿ. ಗಾಬರಿಯಾದಾಗ ಮಾತ್ರ ಬಣ್ಣ ಕಳಚಿ ಹಳ್ಳಿ ಮಾತು ಹೊರಬೀಳುತ್ತದೆ. ನಿಜವಾದ ಹೆಸರು ಬಿಲ್ಲಿ ಬಾಬ್ ಜಾನ್ಸ್, ಹಳ್ಳಿಗಾಡಿನ ಹುಡುಗ. ಬೆಂಗಳೂರಿನ ಕಚೇರಿಗೆ ಹೋದಾಗ ಊರ ಮಾತು ನುಂಗಿಕೊಂಡು ಗ್ರಂಥಸ್ಥ ಕನ್ನಡದಲ್ಲಿ ಬೆವರುವ ನಮಗೆ ಮ್ಯಾಕ್ಸ್ ಬೇಗ ಅರ್ಥವಾದ.

ಒಂದು ರಾತ್ರಿ ಯಜಮಾನ ಹೆಣವಾಗುತ್ತಾನೆ. ತಂಗುವ ಮನೆಯ ಮುಂದಿನ ಅಂಗಳದಲ್ಲಿ, ತಲೆಗೆ ಪೆಟ್ಟು. ನೆಲದ ಮೇಲೆ ಹಿಮ ಬಿದ್ದಿದೆ, ಕೊಂದವನ ಹೆಜ್ಜೆಗುರುತು ಇಲ್ಲ. ಬಫೂನ್ ಮೋ ಕಿಟಕಿಯಿಂದ ಮ್ಯಾಕ್ಸನನ್ನು ಕಂಡೆ ಅನ್ನುತ್ತಾನೆ. ಅಷ್ಟೇ ಅಲ್ಲ, ಅವನು ಮೇಲಕ್ಕೆ ಹಾರಿಹೋದ ಅನ್ನುತ್ತಾನೆ. ಜಾದೂಗಾರ ತಾನೆ, ಹಾರಿರಬಹುದು! ಪೊಲೀಸರು ಮ್ಯಾಕ್ಸನನ್ನು ಹಿಡಿದಿದ್ದಾರೆ.

ಇಲ್ಲಿ ಒಂದು ಅಡ್ಡ ಮಾತು. ಮೋ ಸುಳ್ಳು ಹೇಳುತ್ತಿರಲಿಲ್ಲ. ಕಂಡದ್ದನ್ನೇ ಹೇಳಿದ. ಕಂಡದ್ದು ಮಾತ್ರ ಮನುಷ್ಯನಲ್ಲ, ಮ್ಯಾಕ್ಸನ ಲೋಹದ ಅರ್ಧಪ್ರತಿಮೆ. ಅದಕ್ಕೆ ಅವನ ಮೇಲಂಗಿ ಸಿಕ್ಕಿಕೊಂಡಿತ್ತು. ಯಾರೋ ಮೇಲಿನ ಕಿಟಕಿಯಿಂದ ಹಗ್ಗ ಕಟ್ಟಿ ಅದನ್ನು ಎಳೆದುಕೊಳ್ಳುತ್ತಿದ್ದರು. ಕಣ್ಣಾರೆ ಕಂಡ ಸಾಕ್ಷಿ ಅಂತ ನಾವು ಸುದ್ದಿಯಲ್ಲಿ ಒತ್ತಿ ಬರೆಯುತ್ತೇವಲ್ಲ, ಅದು ಎಷ್ಟು ಗಟ್ಟಿ ಅಂತ ಮೋ ತೋರಿಸಿಕೊಡುತ್ತಾನೆ.

ಒಂದು ಪಂದ್ಯ, ಒಂದು ಚಿಟಿಕೆ ಮೆಣಸಿನ ಪುಡಿ

ಕೊಂದವನು ಏಕ್ರೋ. ಯಾರೂ ಅನುಮಾನಿಸದ ಮನುಷ್ಯ. ಮೂರನೇ ಮಹಡಿಯ ಕೋಣೆ, ಗಾಲಿಕುರ್ಚಿ, ಸುತ್ತ ಹಕ್ಕಿಗಳು, ಮೆದು ಮಾತು. ಆದರೆ ಅವನು ಕೊಲ್ಲಬೇಕೆಂದಿದ್ದು ಯಜಮಾನನನ್ನು ಅಲ್ಲ.

ಆರು ತಿಂಗಳ ಹಿಂದೆ ತಮ್ಮ ಬ್ಯಾಟ್ ರೆಜಿನಾ ಜೊತೆ ಒಂದು ಪಂದ್ಯ ಕಟ್ಟಿದ್ದ. ಸಿಂಹದ ಬಾಯಲ್ಲಿ ತಲೆ ಇಟ್ಟು ತೋರಿಸಿದರೆ ಅವಳು ಅವನ ಜೊತೆ ಸಿನಿಮಾಕ್ಕೆ ಬರಬೇಕು. ಅದಕ್ಕೆ ಮೊದಲು ಅವನು ಅವಳಿಗೆ ಮೆಣಸಿನ ಪುಡಿ ಹಾಕಿ ಸೀನಿಸಿ ಕೀಟಲೆ ಮಾಡಿದ್ದ. ಅವಳೂ ತಿರುಗಿ ಕೀಟಲೆ ಮಾಡಲು, ಅವನ ಕುತ್ತಿಗೆವಸ್ತ್ರಕ್ಕೆ ಮೆಣಸಿನ ಪುಡಿ ಉದುರಿಸಿದ್ದಳು. ಬ್ಯಾಟ್ ಸಿಂಹದ ಬಾಯಲ್ಲಿ ತಲೆ ಇಟ್ಟ. ಮೂಗಿಗೆ ಘಾಟು ಹತ್ತಿತು. ಸಿಂಹ ಬಾಯಿ ಮುಚ್ಚಿತು. ತಮ್ಮನನ್ನು ಬಿಡಿಸಲು ಹೋದ ಏಕ್ರೋನ ಕಾಲು ಹೋಯಿತು. ಬ್ಯಾಟ್ ಅಂದಿನಿಂದ ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಸಿಂಹವನ್ನು ಯಜಮಾನ ಗುಂಡಿಟ್ಟು ಕೊಂದ.

ನಮ್ಮ ದೇಶದಲ್ಲಿ ಸರ್ಕಸ್ಸಿನ ಸಿಂಹ ಈಗ ಹಿರಿಯರ ನೆನಪು ಮಾತ್ರ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದು ಅಂತ ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಟದ ಸಿಂಹದ ಗತಿ ನೋಡಿದರೆ ಆ ಆದೇಶ ಪ್ರಾಣಿಗಷ್ಟೇ ಅಲ್ಲ, ಡೇರೆಯ ಮನುಷ್ಯರಿಗೂ ಒಳ್ಳೆಯದನ್ನೇ ಮಾಡಿತು ಅನಿಸುತ್ತದೆ.

ಕಥೆಗೆ ಬರೋಣ. ಇಷ್ಟೆಲ್ಲ ಆದರೂ ರೆಜಿನಾ ನಗುನಗುತ್ತಾ ಇದ್ದಳು. ಸಿಂಹ ಚುಕ್ಕಿಯಾಗಿದೆ, ಬ್ಯಾಟ್ ಕೂಡ ಚುಕ್ಕಿಯಾಗಿದ್ದಾನೆ ಅನ್ನುತ್ತಿದ್ದಳು. ಅದನ್ನು ಕೇಳಿ ಕೇಳಿ ಏಕ್ರೋನ ಹೊಟ್ಟೆ ಉರಿಯಿತು. ಮಾಡಿದ್ದಕ್ಕೆ ಒಂದು ಹನಿ ಕಣ್ಣೀರೂ ಇಲ್ಲವಲ್ಲ ಅಂತ. ಅವಳ ಜೇಬಿಗೆ ಚೀಟಿ ಹಾಕಿಸಿದ: ಕೊಲೆಗಾರರಿಗೆ, ಸಾಕ್ಷ್ಯ ನನ್ನ ಬಳಿ ಇದೆ, ರಾತ್ರಿ ಹತ್ತಕ್ಕೆ ಅಂಗಳಕ್ಕೆ ಬನ್ನಿ, ಅನ್ನುವ ಅರ್ಥದ್ದು. ಅಂಗಳದಲ್ಲಿ ತನ್ನ ಕಿಟಕಿಯ ನೇರ ಕೆಳಗೆ ಒಂದು ಭಾರದ ಪೆಟ್ಟಿಗೆ ಇಡಿಸಿದ. ಎತ್ತಲು ಬಗ್ಗಿದವರ ತಲೆಯ ಮೇಲೆ ಪ್ರತಿಮೆ ಬಿಡುವುದು ಲೆಕ್ಕ.

ರೆಜಿನಾಗೆ ಚೀಟಿ ಅರ್ಥವೇ ಆಗಲಿಲ್ಲ. ತಾನು ಕೊಲೆಗಾರ್ತಿ ಅಂತ ಅವಳಿಗೆ ಹೇಗೆ ಹೊಳೆಯಬೇಕು? ಯಾರದೋ ಇರಬೇಕು ಅಂತ ಊಟದ ಮನೆಯ ನೋಟಿಸ್ ಬೋರ್ಡಿಗೆ ಅಂಟಿಸಿದಳು. ಅದನ್ನು ಓದಿ ಅರ್ಥ ಮಾಡಿಕೊಂಡವನು ಒಬ್ಬನೇ, ಅವಳ ಅಪ್ಪ. ಮಗಳ ಬದಲು ತಾನೇ ಅಂಗಳಕ್ಕೆ ಹೋದ. ಏಕ್ರೋ ಕತ್ತಲಲ್ಲಿ ಪ್ರತಿಮೆ ಬಿಟ್ಟ. ತಂದೆಯಂತೆ ಸಾಕಿದವನನ್ನೇ ಕೊಂದ.

ಕೊನೆಗೆ ಆಯುಧ ಎಲ್ಲಿದೆ ಅನ್ನುವ ಪ್ರಶ್ನೆ ಬರುತ್ತದೆ. ಕಾಲಿಲ್ಲದವನು ಅಷ್ಟು ಭಾರದ್ದನ್ನು ಎಲ್ಲಿ ಬಚ್ಚಿಡುತ್ತಾನೆ? ಎಲ್ಲಿಯೂ ಇಲ್ಲ. ಅವನು ಕೋರ್ಟಿಗೆ ಬಂದು ಸಾಕ್ಷಿ ಹೇಳುವಾಗಲೂ ತೊಡೆಯ ಮೇಲಿನ ಹೊದಿಕೆಯ ಕೆಳಗೆ ಅದು ಕೂತೇ ಇತ್ತು. ಮಾಡಿದ ತಪ್ಪನ್ನು ಮಡಿಲಲ್ಲಿ ಇಟ್ಟುಕೊಂಡೇ ಮನುಷ್ಯ ಮೆದುವಾಗಿ ಮಾತಾಡಬಲ್ಲ.

ಬೈಯುವವರಿಗೂ ಕಾರಣವಿದೆ

ಈ ಸರಣಿಯನ್ನು ಮೆಚ್ಚುವವರಲ್ಲೇ ಬಹಳ ಜನ ಈ ಕೇಸನ್ನು ಬೈಯುತ್ತಾರೆ. ಮೋನ ಹೇಳಿಕೆ ತೆಗೆಸುವುದರೊಳಗೆ ತಲೆ ಚಿಟ್ಟು ಹಿಡಿಯುತ್ತದೆ. ಒಂದು ಮಾತಿಗೆ ನಾಲ್ಕು ಹಳಸಿದ ಜೋಕು. ಗೊಂಬೆ ಮಾತಾಡಿಸುವ ಬೆನ್ ಒಬ್ಬ ಅಂಜುಬುರುಕ, ಅವನ ಗೊಂಬೆ ಟ್ರೈಲೋ ಬಾಯಿಬಡುಕ. ಇಬ್ಬರ ನಡುವೆ ವಿಚಾರಣೆ ಎಳೆದು ಎಳೆದು ಸಾಗುತ್ತದೆ. ಇದನ್ನು ಒಪ್ಪುತ್ತೇವೆ.

ನಮಗೆ ಇನ್ನೂ ದೊಡ್ಡ ತಕರಾರಿದೆ. ಹದಿನಾರರ ರೆಜಿನಾಗೆ ಮದುವೆ ಕೇಳಲು ದೊಡ್ಡ ಗಂಡಸರು ಸಾಲುಗಟ್ಟುತ್ತಾರೆ. ಮ್ಯಾಕ್ಸನಿಗೂ ಆಸೆ, ಗೊಂಬೆಯ ಬಾಯಲ್ಲಿ ಬೆನ್‌ನದೂ ಆಸೆ. ಆಟ ಅದನ್ನು ತಮಾಷೆಯಾಗಿ ದಾಟಿಸುತ್ತದೆ. ಬಾಲ್ಯವಿವಾಹದ ಸುದ್ದಿ ಬರೆಯುವ ನಮಗೆ ಅಲ್ಲಿ ನಗು ಬರಲಿಲ್ಲ. ಮಗುವಿನಂಥ ಹುಡುಗಿ ಅಂತ ಒಂದು ಕಡೆ ತೋರಿಸಿ, ಇನ್ನೊಂದು ಕಡೆ ಉಂಗುರ ಹಿಡಿದು ನಿಲ್ಲುವವರನ್ನು ನಗಿಸಲು ಬಳಸುವುದು ತಪ್ಪು.

ಆದರೂ ಈ ಕೇಸನ್ನು ಆಡಿ ಅನ್ನುತ್ತೇವೆ. ಉಳಿದ ಹೆಚ್ಚಿನ ಕೇಸುಗಳಲ್ಲಿ ಕೊನೆಗೆ ಒಬ್ಬ ಕೆಟ್ಟವನು ಸಿಗುತ್ತಾನೆ. ಅವನು ಸಿಕ್ಕಿಬಿದ್ದಾಗ ನಮಗೆ ಖುಷಿಯಾಗುತ್ತದೆ. ಇಲ್ಲಿ ಅದು ಆಗುವುದಿಲ್ಲ. ರೆಜಿನಾಗೆ ಕೊಲ್ಲುವ ಮನಸ್ಸಿರಲಿಲ್ಲ. ಬ್ಯಾಟ್ ಹುಡುಗಾಟದವನು. ಯಜಮಾನ ಮಗಳ ಮನಸ್ಸು ನೋಯಬಾರದು ಅಂದುಕೊಂಡವನು. ಏಕ್ರೋ ಕೂಡ ಹುಟ್ಟು ಕೊಲೆಗಡುಕನಲ್ಲ. ಹಾಗಾದರೆ ಕೊಂದದ್ದು ಯಾವುದು? ಆರು ತಿಂಗಳು ಯಾರೂ ಬಾಯಿ ಬಿಟ್ಟು ಹೇಳದ ಒಂದು ಮಾತು. "ಮಗಳೇ, ಅವತ್ತು ನೀನು ಹಾಕಿದ ಮೆಣಸಿನ ಪುಡಿಯಿಂದ ಹೀಗಾಯಿತು. ನೀನು ಬೇಕಂತ ಮಾಡಲಿಲ್ಲ. ಆದರೆ ಹೀಗಾಯಿತು." ಇಷ್ಟು ಹೇಳಿದ್ದರೆ ಅವಳು ಅಳುತ್ತಿದ್ದಳು. ಅವಳು ಅತ್ತಿದ್ದರೆ ಏಕ್ರೋನ ಸಿಟ್ಟು ಇಳಿಯುತ್ತಿತ್ತೇನೋ. ಅಪ್ಪ ಬದುಕಿರುತ್ತಿದ್ದ.

ನಾವು ಬರೆದ ಎರಡು ಪದ

ಈಗ ನಿದ್ದೆ ಬಾರದ್ದಕ್ಕೆ ಕಾರಣ.

ಕೆಲವು ವರ್ಷದ ಹಿಂದೆ ಒಂದು ಹಳ್ಳಿಯ ಕೃಷಿ ಹೊಂಡದಲ್ಲಿ ಒಬ್ಬ ಹುಡುಗ ಮುಳುಗಿ ಸತ್ತ. ಊರು, ಹೆಸರು ಬೇಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ಬಿದ್ದರೆ ಎಷ್ಟು ಜಾರುತ್ತದೆ ಅಂತ ರೈತರಿಗೆ ಗೊತ್ತು. ಒಳಗಿಳಿದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ನಾವು ಹೋದಾಗ ಕಟ್ಟೆಯ ಮೇಲೆ ಮೂವರು ಹುಡುಗರು ಬೆಪ್ಪಾಗಿ ಕೂತಿದ್ದರು. ಈಜಿ ಆಚೆ ದಡ ಮುಟ್ಟಿದರೆ ತಂಪು ಪಾನೀಯ ಕೊಡಿಸುತ್ತೇವೆ ಅಂತ ಪಂದ್ಯ ಕಟ್ಟಿದ್ದು ಅವರೇ. ಊರಿನ ಹಿರಿಯರು ನಮ್ಮನ್ನು ಪಕ್ಕಕ್ಕೆ ಕರೆದರು. "ಹುಡುಗ್ರು ಸಾರ್, ಗೊತ್ತಾಗ್ದೆ ಮಾಡವ್ರೆ. ಹೋದೋನು ಹೋದ, ಇವರ ಬಾಳು ಹಾಳಾಗೋದು ಬ್ಯಾಡ. ಕಾಲು ಜಾರಿ ಬಿದ್ದ ಅಂತ ಹಾಕ್ಬುಡಿ."

ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ನಮಗೂ ಸರಿ ಅನಿಸಿತು. 'ಕಾಲು ಜಾರಿ' ಅಂತಲೇ ಬರೆದೆವು.

ಸತ್ತ ಹುಡುಗನ ಅಪ್ಪನಿಗೆ ನಿಜ ಗೊತ್ತಾದದ್ದು ಮಾರನೇ ವರ್ಷ, ಜಾತ್ರೆಯಲ್ಲಿ. ಯಾವುದೋ ಜಾಗದ ಜಗಳದಲ್ಲಿ ಕುಡಿದ ಬಾಯಿಯೊಂದು ಅದನ್ನು ಆಡಿತು. ಅವತ್ತಿನಿಂದ ಆ ಎರಡು ಮನೆಗಳ ನಡುವೆ ನೀರು ಬೆಂಕಿ ಇಲ್ಲ. ಪಂದ್ಯ ಕಟ್ಟಿದ ಹುಡುಗರಲ್ಲಿ ಒಬ್ಬ ಶಾಲೆ ಬಿಟ್ಟ. ಟೀ ಅಂಗಡಿಯಲ್ಲಿ ಒಮ್ಮೆ ಎದುರಾಗಿ, "ಆ ಸುದ್ದಿ ಬರೆದಿದ್ದು ನೀವೇ ಅಲ್ವಾ ಸಾರ್?" ಅಂದ. ಹೌದು ಅಂದೆವು. ಮತ್ತೇನೂ ಕೇಳಲಿಲ್ಲ. ಟೀ ಅರ್ಧಕ್ಕೆ ಬಿಟ್ಟು ಎದ್ದುಹೋದ. ಅವನನ್ನು ಉಳಿಸಲೆಂದೇ ಬರೆದ ಸುಳ್ಳು ಅವನನ್ನು ಉಳಿಸಲಿಲ್ಲ. ಆಟದಲ್ಲಿ ಏಕ್ರೋನ ಹೊದಿಕೆ ಸರಿದಾಗ ನಮಗೆ ಕಂಡದ್ದು ಪ್ರತಿಮೆಯಲ್ಲ, ಆ ಅರ್ಧ ಲೋಟ ಟೀ.

ಹಾಗಂದರೆ ಹುಡುಗರ ಹೆಸರು ಹಾಕಿ ಬರೆಯಬೇಕಿತ್ತೇ? ಖಂಡಿತ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇಂಥ ಪ್ರಕರಣದ ಮಕ್ಕಳ ಗುರುತು ಬಯಲು ಮಾಡಬಾರದು ಅನ್ನುತ್ತದೆ. ಆ ಕಾಯ್ದೆ ಸರಿಯಾಗಿಯೇ ಇದೆ. ಆದರೆ ಹೆಸರು ಬಿಡುವುದು ಬೇರೆ, ಸುಳ್ಳು ಬರೆಯುವುದು ಬೇರೆ. 'ಹೊಂಡದಲ್ಲಿ ಮುಳುಗಿ ಸಾವು, ಹೇಗಾಯಿತು ಎಂಬುದು ತನಿಖೆಯಿಂದ ತಿಳಿಯಬೇಕಿದೆ' ಅಂತ ಬರೆಯಬಹುದಿತ್ತು. ಒಂದು ಸಾಲು ಜಾಸ್ತಿ, ಅಷ್ಟೇ. ಆ ಸಾಲಿನಲ್ಲಿ ಮುಂದೆ ನಿಜ ಹೇಳಲು ಜಾಗ ಉಳಿಯುತ್ತಿತ್ತು. 'ಕಾಲು ಜಾರಿ' ಅನ್ನುವ ಎರಡು ಪದ ಆ ಬಾಗಿಲು ಮುಚ್ಚಿತು.

ಪತ್ರಿಕೆಯ ಕೆಲಸ ಅಷ್ಟಕ್ಕೆ ಮುಗಿಯುತ್ತದೆ. ಉಳಿದದ್ದು ಮನೆಯವರ ಕೆಲಸ. ಮೂವರು ಹುಡುಗರನ್ನೂ ಸತ್ತವನ ಅಪ್ಪ ಅಮ್ಮನನ್ನೂ ಒಂದು ದಿನ ಒಂದೇ ಚಾಪೆಯ ಮೇಲೆ ಕೂರಿಸಿ, ಊರ ಹಿರಿಯರು ಎದುರಿಗಿದ್ದು, ಆದದ್ದನ್ನು ಆಡಿಸಬಹುದಿತ್ತು. ಕಷ್ಟದ ಮಾತು, ನಮಗೂ ಗೊತ್ತು. ಬೈಗುಳ ಬೀಳುತ್ತಿತ್ತು, ಎದೆ ಬಡಿದುಕೊಂಡು ಅಳುತ್ತಿದ್ದರು. ಆದರೆ ಅದು ಕುಡಿದವನ ಬಾಯಿಂದ ಜಾತ್ರೆಯಲ್ಲಿ ಕೇಳುವುದಕ್ಕಿಂತ ಕಡಿಮೆ ಕಷ್ಟ.

ಇದಕ್ಕೆ ಎದುರು ಮಾತು ಇದೆ. ಚಿಕ್ಕ ಮಕ್ಕಳ ತಲೆಯ ಮೇಲೆ ಸಾವಿನ ಹೊರೆ ಹೊರಿಸುವುದು ಯಾವ ನ್ಯಾಯ ಅಂತ ಕೇಳುತ್ತಾರೆ. ನಮ್ಮ ಉತ್ತರ ಇಷ್ಟೇ: ಹೊರೆ ಆಗಲೇ ಅವರ ತಲೆಯ ಮೇಲಿದೆ. ನಾವು ಹೇಳದಿದ್ದರೆ ಅದು ಇಳಿಯುವುದಿಲ್ಲ, ಒಬ್ಬರೇ ಹೊರುತ್ತಾರೆ, ಅಷ್ಟೇ. ಇನ್ನು ರೆಜಿನಾಳಂತೆ ಹೊರೆ ಇದೆ ಅನ್ನುವುದೇ ಗೊತ್ತಿಲ್ಲದ ಮಕ್ಕಳಿಗೆ, ಪ್ರೀತಿಸುವವರು ಹೇಳದಿದ್ದರೆ ದ್ವೇಷಿಸುವವರು ಹೇಳುತ್ತಾರೆ. ಅವಳಿಗೆ ನಿಜ ಗೊತ್ತಾದದ್ದು ಅಪ್ಪನ ಮಡಿಲಲ್ಲಲ್ಲ, ಅಪ್ಪನ ಕೊಲೆಯ ವಿಚಾರಣೆಯಲ್ಲಿ. ಒಂದು ನಿಜ ಕೇಳಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ಆಡುವವರಿಗೆ

ಈ ಕಟ್ಟು ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್, ಕೊರಿಯನ್, ಚೀನೀ ಭಾಷೆಗಳಲ್ಲಿದೆ. ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಕಷ್ಟವೇನಲ್ಲ, ಆದರೆ ಶ್ಲೇಷೆ ಜಾಸ್ತಿ. ಒಬ್ಬರೇ ಕೂತು ಒದ್ದಾಡುವುದಕ್ಕಿಂತ ಕಾಲೇಜಿಗೆ ಹೋಗುವ ತಂಗಿಯನ್ನೋ ತಮ್ಮನನ್ನೋ ಪಕ್ಕ ಕೂರಿಸಿಕೊಳ್ಳಿ. ಅವರು ಓದಿ ಹೇಳಲಿ, ನೀವು ಸುಳ್ಳು ಹಿಡಿಯಿರಿ. ಹಳ್ಳಿಕಟ್ಟೆಯ ಮೇಲೆ ಪಂಚಾಯ್ತಿ ಕೇಳಿ ಬೆಳೆದವರಿಗೆ ಯಾರ ಮಾತಿನಲ್ಲಿ ಎಲ್ಲಿ ತೂತಿದೆ ಅಂತ ಬೇಗ ತಿಳಿಯುತ್ತದೆ. ಮೊದಲ ಆಟ ಆಡಿ ಆಮೇಲೆ ಎರಡನೆಯದಕ್ಕೆ ಬಂದರೆ ಒಳ್ಳೆಯದು. ಮೋನ ಜೋಕುಗಳನ್ನು ಸಹಿಸಿಕೊಳ್ಳಿ. ಯಜಮಾನ ಹೋದ ಮೇಲೆ ಆ ಸರ್ಕಸ್ಸನ್ನು ಕೈಬಿಡದೆ ಮುಂದೆ ನಡೆಸುವವನು ಆ ಬಫೂನನೇ.

ಆಟ ಮುಗಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ 'ಈಗ ಯಾಕೆ ಬಿಡು' ಅಂತ ಮುಚ್ಚಿಟ್ಟ ಮಾತು ಯಾವುದಾದರೂ ಇದೆಯಾ ನೋಡಿ. ಇದ್ದರೆ, ಅದನ್ನು ಕೇಳಬೇಕಾದವರು ಬೇರೆಯವರ ಬಾಯಿಂದ ಕೇಳುವ ಮೊದಲು ನೀವೇ ಕೂತು ಹೇಳಿ.

ನಾವೂ ಒಂದು ಕೆಲಸ ಇಟ್ಟುಕೊಂಡಿದ್ದೇವೆ. ಆ ಹುಡುಗನನ್ನು ಹುಡುಕಿ ಇನ್ನೊಂದು ಟೀ ಕುಡಿಸಬೇಕು. ಈ ಸಲ ಅವನು ಕೇಳದಿದ್ದರೂ, ತಪ್ಪಾಗಿ ಬರೆದವರು ನಾವು ಅಂತ ನಾವೇ ಹೇಳಬೇಕು.